ಪಕ್ಷಗಳ ಸಮಾವೇಶಗಳ ದುಂದುವೆಚ್ಚಕ್ಕೆ ಕಾನೂನಿನ ಮಿತಿಯೇ ಇಲ್ಲವೇ?

ಬಹುಮಟ್ಟಿಗೆ ಇಲ್ಲ, ಏಕೆಂದರೆ ನಮ್ಮಲ್ಲಿ ವೆಚ್ಚದ ಮಿತಿ ಇರುವುದು ಅಭ್ಯರ್ಥಿಗೇ ಹೊರತು ಪಕ್ಷಕ್ಕಲ್ಲ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಅಭ್ಯರ್ಥಿಯು ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶ ಪ್ರಕಟವಾಗುವವರೆಗಿನ ಖರ್ಚಿಗಷ್ಟೇ ಲೆಕ್ಕ ಕೊಡಬೇಕು. 2022ರ ಪರಿಷ್ಕರಣೆಯಂತೆ ಕರ್ನಾಟಕದಲ್ಲಿ ಈ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಹೀಗಾಗಿ ಚುನಾವಣೆಗೆ ತಿಂಗಳುಗಳ ಮೊದಲೇ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲೋ ಮಂಡ್ಯದ ಹೆದ್ದಾರಿ ಬದಿಯ ಬಯಲಿನಲ್ಲೋ ನಡೆಯುವ ಸಮಾವೇಶದ ಪೆಂಡಾಲು, ಬಸ್ಸು, ಊಟದ ವೆಚ್ಚ ಯಾರ ಮಿತಿಯೊಳಗೂ ಬರುವುದಿಲ್ಲ. ಪಕ್ಷಗಳು ಚುನಾವಣಾ ಆಯೋಗಕ್ಕೆ ವಾರ್ಷಿಕ ಲೆಕ್ಕಪತ್ರ ಒಪ್ಪಿಸುವುದು ನಿಜವಾದರೂ, ಲೆಕ್ಕ ಕೊಡುವುದು ಬೇರೆ, ಮಿತಿ ಪಾಲಿಸುವುದು ಬೇರೆ.

ಇನ್ನು ಸ್ಥಳೀಯ ಮುಖಂಡರ ಜೇಬಿನಿಂದ ಹೋಗುವ ಹಣ ಆ ಲೆಕ್ಕಪತ್ರಕ್ಕೂ ಸಿಗುವುದು ಕಷ್ಟ. ತಾಲ್ಲೂಕಿಗೆ ಇಷ್ಟು ಬಸ್ಸು ಎಂದು ಹಂಚಿಕೆಯಾದ ಮೇಲೆ, ಜನ ತುಂಬಿಸಿದವನಿಗೆ ಚುನಾವಣೆಯಲ್ಲಿ ಪಕ್ಷದ ಟಿಕೆಟ್ ಕೇಳುವ ಬಲ ಬರುತ್ತದೆ. ನಮ್ಮ ಕಡೆಯ ಸೇಬಿನ ಹಾರವನ್ನೇ ನೋಡಿ: ಕ್ರೇನ್‌ನಲ್ಲಿ ತೂಗುವ ಆ ಹಾರ ನಾಯಕರ ಕೊರಳಿಗೆ ಬೀಳುವುದೇ ಇಲ್ಲ, ತೆರೆದ ವಾಹನ ಮುಂದೆ ಸರಿಯುತ್ತಿದ್ದಂತೆ ಜನ ಮುಗಿಬಿದ್ದು ಹಣ್ಣು ಕಿತ್ತುಕೊಳ್ಳುತ್ತಾರೆ. ಆದರೆ ಹಾಕಿಸಿದವರು ಯಾರೆಂಬುದು ಅಷ್ಟರಲ್ಲಿ ನಾಯಕರಿಗೆ ತಿಳಿದಿರುತ್ತದೆ, ಖರ್ಚು ಮಾಡಿದವರಿಗೆ (ನನ್ನ ದೃಷ್ಟಿಯಲ್ಲಿ) ಬೇಕಾದದ್ದೂ ಅಷ್ಟೇ. ಅತ್ತ ಸಾರಿಗೆ ಬಸ್ಸುಗಳು ಬಾಡಿಗೆಗೆ ಹೋದ ದಿನ ಹಳ್ಳಿಯ ವಿದ್ಯಾರ್ಥಿಗಳು ನಿಲ್ದಾಣದಲ್ಲಿ ಕಾಯುತ್ತಿರುತ್ತಾರೆ. ಆ ನಷ್ಟವನ್ನಂತೂ ಯಾವ ಪಕ್ಷವೂ ಬರೆದಿಡುವುದಿಲ್ಲ.