ಅಮ್ಮನ ಕಾಯಿಲೆ, ಪುಟ್ಟಿಯ ಹೊಟ್ಟೆನೋವು

(ಮನೆಯವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ಮಕ್ಕಳ ಡಾಕ್ಟರು ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದರು. ಏನೂ ಸಿಗಲಿಲ್ಲ. ಜಂತುಹುಳದ ಮಾತ್ರೆ ಆಯಿತು, ದೃಷ್ಟಿ ತೆಗೆಸಿದ್ದೂ ಆಯಿತು. ಕೊನೆಗೆ ಡಾಕ್ಟರೇ "ಮನೇಲಿ ಏನಾದ್ರೂ ನಡೀತಿದೆಯಾ?" ಎಂದು ಕೇಳಿದರಂತೆ. ಅಪ್ಪ ಉತ್ತರ ಕೊಡಲಿಲ್ಲ. ಆಮೇಲೆ ಮಗಳನ್ನು ಕರೆದುಕೊಂಡು ಆಪ್ತಸಲಹೆಗೆಂದು ನನ್ನ ಹತ್ತಿರ ಬಂದರು.

ಹುಡುಗಿಗೆ ಹತ್ತು ವರ್ಷ, ಐದನೇ ಕ್ಲಾಸು. ಇಲ್ಲಿ ಪುಟ್ಟಿ ಎಂದೇ ಕರೆಯುತ್ತೇನೆ. ಊರು ದಾವಣಗೆರೆ ಕಡೆ. ಅಪ್ಪನದು ಸಣ್ಣ ಹಾರ್ಡ್‌ವೇರ್ ಅಂಗಡಿ. ಅಮ್ಮನಿಗೆ 38 ವರ್ಷ. ಅವರಿಗೆ ಸ್ತನ ಕ್ಯಾನ್ಸರ್ ಆಗಿ ಬೆಂಗಳೂರಿನಲ್ಲಿ ಆಪರೇಷನ್ ಆಗಿತ್ತು, ಕೀಮೋ ಶುರುವಾಗಿತ್ತು. ಈ ಭಾಗದವರು ಸಾಮಾನ್ಯವಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಮಣಿಪಾಲಕ್ಕೋ ಹೋಗುತ್ತಾರೆ. ಎಲ್ಲಿಗೆ ಹೋದರೂ ಒಂದೆರಡು ದಿನ ಮನೆ ಬಿಡಲೇಬೇಕು. ಇವರು ಮೂರು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದರು. ಆಗೆಲ್ಲ ಪುಟ್ಟಿ ಹಳ್ಳಿಯಲ್ಲಿ ಅಪ್ಪನ ಅಮ್ಮನ ಮನೆಯಲ್ಲಿ ಇರುತ್ತಿದ್ದಳು.

"ಅವಳಿಗೆ ಏನು ಹೇಳಿದ್ದೀರಿ?" ಎಂದು ಅಪ್ಪನನ್ನು ಕೇಳಿದೆ.

"ಅಮ್ಮಂಗೆ ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ ಅಂತ ಹೇಳಿದೀವಿ ಮೇಡಂ. ಚಿಕ್ಕ ಹುಡುಗಿ, ಅವಳಿಗೇನು ಅರ್ಥ ಆಗುತ್ತೆ."

ಅವರನ್ನು ಹೊರಗೆ ಕೂರಿಸಿ ಪುಟ್ಟಿಯ ಜೊತೆ ಮಾತಾಡಿದೆ. ಅವಳು ಮೊದಲು ಕೇಳಿದ್ದು, "ಮಿಸ್, ನೀವು ಅಪ್ಪಂಗೆ ಹೇಳಲ್ಲ ಅಲ್ವಾ?" ನಿನ್ನನ್ನು ಕೇಳದೆ ಹೇಳುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಟೇಬಲ್ಲಿನ ಅಂಚು ಕೆರೆಯುತ್ತಾ ಕೂತಳು. ಆಮೇಲೆ ಒಂದೇ ಉಸಿರಿಗೆ ಎಲ್ಲ ಬಂತು.

ಅವಳಿಗೆ ಗೊತ್ತಿತ್ತು. ಕ್ಯಾನ್ಸರ್ ಎಂಬ ಪದವನ್ನು ಅಪ್ಪ ಫೋನಿನಲ್ಲಿ ದೊಡ್ಡಪ್ಪನ ಜೊತೆ ಮಾತಾಡುವಾಗಲೇ ಕೇಳಿಸಿಕೊಂಡಿದ್ದಳು. ಅಪ್ಪ ಸ್ನಾನಕ್ಕೆ ಹೋದಾಗ ಅವರ ಫೋನಿನಲ್ಲಿ, "ಕ್ಯಾನ್ಸರ್ ಬಂದರೆ ಎಷ್ಟು ದಿನ ಬದುಕುತ್ತಾರೆ" ಎಂದು ಬಾಯಲ್ಲಿ ಹೇಳಿ ಹುಡುಕಿದ್ದಳು. ಬಂದ ವಿಡಿಯೋಗಳಲ್ಲಿ ಎರಡನ್ನು ನೋಡಿದ್ದಳು. ಮೂರನೆಯದಕ್ಕೆ ಧೈರ್ಯ ಬರಲಿಲ್ಲವಂತೆ. ಮುಂದೆ ಕರೆಂಟ್ ಕೊಡುತ್ತಾರೆ ಎಂಬ ಮಾತೂ ಕಿವಿಗೆ ಬಿದ್ದಿತ್ತು. ರೇಡಿಯೇಷನ್ ಚಿಕಿತ್ಸೆಗೆ ಜನ ಹಾಗೆ ಅನ್ನುತ್ತಾರೆ. ಅಮ್ಮನಿಗೆ ಶಾಕ್ ಹೊಡೆಸುತ್ತಾರೆ ಎಂದು ಅವಳು ತಿಳಿದಿದ್ದಳು.

ಇದಿಷ್ಟೇ ಆಗಿದ್ದರೆ ನನಗೆ ಅಷ್ಟು ಕಳವಳ ಆಗುತ್ತಿರಲಿಲ್ಲ. ಇನ್ನೊಂದು ಇತ್ತು. ದೀಪಾವಳಿ ರಜೆಯಲ್ಲಿ ಅಮ್ಮ ಚಾಪೆ ಮೇಲೆ ಮಲಗಿದ್ದಾಗ ಇವಳು ಆಟಕ್ಕೆ ಮೈಮೇಲೆ ಬಿದ್ದಿದ್ದಳು. ಮೊಣಕೈ ಎದೆಗೆ ತಗುಲಿತು. ಅಮ್ಮ "ಅಯ್ಯೋ, ಸಾಯಿಸಿಬಿಟ್ಟೆಯಲ್ಲೇ" ಎಂದು ಕೂಗಿದರು. ಕೆಲವು ದಿನಕ್ಕೇ ಆಸ್ಪತ್ರೆ ಓಡಾಟ ಶುರುವಾಯಿತು. "ನಾನು ಬಿದ್ದಿದ್ದಕ್ಕೇ ಆಗಿದ್ದು ಮಿಸ್." ಆ ಮಾತನ್ನು ಆರು ತಿಂಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಶಾಲೆಗೆ ಹೋದರೆ ವಾಪಸ್ ಬರುವಷ್ಟರಲ್ಲಿ ಅಮ್ಮ ಇರುತ್ತಾರೋ ಇಲ್ಲವೋ ಎಂಬ ಹೆದರಿಕೆಗೆ ಹೊಟ್ಟೆ ಹಿಡಿಯುತ್ತಿತ್ತು. ನೋವು ನಾಟಕವಲ್ಲ. ಮಕ್ಕಳ ಭಯ ಎಷ್ಟೋ ಸಲ ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ.

ಈ ವಯಸ್ಸಿನವರೆಗಿನ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಮನೆಯಲ್ಲಿ ಕೆಟ್ಟದ್ದೇನಾದರೂ ಆದರೆ ಅದಕ್ಕೆ ತಾನೇ ಕಾರಣ ಎಂದುಕೊಳ್ಳುತ್ತವೆ. ದೊಡ್ಡವರು ಬಾಯಿ ಮುಚ್ಚಿಕೊಂಡಷ್ಟೂ ಆ ನಂಬಿಕೆ ಗಟ್ಟಿಯಾಗುತ್ತದೆ. ಯಾಕೆಂದರೆ ಅದನ್ನು ಸುಳ್ಳು ಎಂದು ಹೇಳುವವರು ಯಾರೂ ಇರುವುದಿಲ್ಲ.

ಪೆಟ್ಟು ಬಿದ್ದರೆ ಕ್ಯಾನ್ಸರ್ ಬರುವುದಿಲ್ಲ ಎಂದು ಅವಳಿಗೆ ಆಗಲೇ ಹೇಳಿದೆ. ನಂಬಲಿಲ್ಲ. ನಾನು ಹೇಳಿದರೆ ಸಾಲದು ಎಂದು ಗೊತ್ತಿತ್ತು. ಅಮ್ಮನೇ ಹೇಳಬೇಕಿತ್ತು. ಅಮ್ಮನಿಗೆ ಹೇಳಲು ನನಗೆ ಅನುಮತಿ ಕೊಡುತ್ತೀಯಾ ಎಂದು ಕೇಳಿದೆ. ತಲೆ ಆಡಿಸಿದಳು.

ಮುಂದಿನ ವಾರ ಮನೆಯ ದೊಡ್ಡವರು ಮೂವರೂ ಬಂದರು. ಅಮ್ಮ ತಲೆಗೆ ಹತ್ತಿ ಸ್ಕಾರ್ಫ್ ಕಟ್ಟಿಕೊಂಡಿದ್ದರು. ಮಗಳ ಮಾತು ಕೇಳಿ ತುಂಬಾ ಅತ್ತರು. ಆಮೇಲೆ ಅವರೇ ಒಂದು ವಿಷಯ ಹೇಳಿದರು. ಆ ದಿನ ಮೊಣಕೈ ತಗುಲಿದ ಜಾಗವನ್ನು ರಾತ್ರಿ ಉಜ್ಜಿಕೊಳ್ಳುವಾಗಲೇ ಅವರಿಗೆ ಗಂಟು ಕೈಗೆ ಸಿಕ್ಕಿದ್ದು. ಅಂದರೆ ಗಂಟು ಮೊದಲೇ ಇತ್ತು. ಮಗಳು ಬಿದ್ದದ್ದರಿಂದ ಬೇಗ ಗೊತ್ತಾಯಿತು. ಇದನ್ನು ಅವಳಿಗೆ ಹೀಗೇ ಹೇಳಿ ಅಂದೆ.

ಅಜ್ಜಿ ಒಪ್ಪಲಿಲ್ಲ. "ಮಗೂಗೆ ಯಾಕವ್ವ ಹೇಳಬೇಕು, ಹೆದರಿಕೊಳ್ಳುತ್ತೆ" ಎಂದೇ ಶುರು ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ನಿಜವಾದ ಮಾತು ಹೊರಬಂತು. "ಅವಳು ಶಾಲೇಲಿ ಹೇಳ್ತಾಳೆ. ಊರಿಗೆಲ್ಲ ಗೊತ್ತಾಗುತ್ತೆ. ನಾಳೆ ಹೆಣ್ಣು ನೋಡೋಕೆ ಬಂದೋರು, ಅವ್ವಂಗೆ ಹಿಂಗಾಗಿತ್ತಂತಲ್ಲ, ಮಗಳಿಗೂ ಬರುತ್ತೆ ಅಂದ್ರೆ?"

ಇಂಥ ಮನೆಗಳಲ್ಲಿ ನಾನು ಈ ಮಾತಿಗೆ ಕಾಯುತ್ತಿರುತ್ತೇನೆ. ಮಗು ಹೆದರುತ್ತೆ ಎಂಬ ಕಾರಣದ ಹಿಂದೆ ಎಷ್ಟೋ ಸಲ ಮಗುವಿನದಲ್ಲದ ಹೆದರಿಕೆ ಇರುತ್ತದೆ. ಅಜ್ಜಿಯನ್ನು ನಾನು ಬೈಯಲಿಲ್ಲ. ಅವರ ಚಿಂತೆ ಸುಮ್ನೆ ಹುಟ್ಟಿದ್ದಲ್ಲ, ನಮ್ಮ ಊರುಗಳಲ್ಲಿ ಹೀಗೆ ಮಾತಾಡುವ ಜನ ಇದ್ದೇ ಇದ್ದಾರೆ. ಆದರೆ ಲೆಕ್ಕ ಹೇಳಿದೆ. ಸ್ತನ ಕ್ಯಾನ್ಸರ್‌ನಲ್ಲಿ ವಂಶದಿಂದ ಬಂದ ಜೀನ್ ದೋಷದಿಂದ ಆಗುವುದು ನೂರಕ್ಕೆ 5ರಿಂದ 10 ಮಾತ್ರ. ಸೊಸೆಗೆ ಚಿಕ್ಕ ವಯಸ್ಸಿನಲ್ಲೇ ಬಂದಿರುವುದರಿಂದ ಜೀನ್ ಪರೀಕ್ಷೆ ಬೇಕೇ ಎಂದು ಕ್ಯಾನ್ಸರ್ ಡಾಕ್ಟರನ್ನೇ ಕೇಳಿ. ಏನೇ ಬಂದರೂ ಪುಟ್ಟಿಗೆ ಈಗ ಯಾವ ಪರೀಕ್ಷೆಯೂ ಬೇಡ, ಅದು ಅವಳು ದೊಡ್ಡವಳಾದ ಮೇಲೆ ಅವಳೇ ಯೋಚಿಸುವ ವಿಷಯ. ಮದುವೆ ಮಾತು ಇನ್ನೂ ಹದಿನೈದು ವರ್ಷ ದೂರ ಇದೆ, ಹೊಟ್ಟೆನೋವು ಇವತ್ತೇ ಇದೆ ಅಂದೆ. ಅಜ್ಜಿ ಏನೂ ಹೇಳಲಿಲ್ಲ. ಎದ್ದು ಹೋಗಲೂ ಇಲ್ಲ.

ಇನ್ನೊಂದು ಗೊತ್ತಾಯಿತು. ಸೊಸೆಯ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಪುಟ್ಟಿಯನ್ನು ಅಮ್ಮನ ಪಕ್ಕ ಮಲಗಲು ಬಿಡುತ್ತಿರಲಿಲ್ಲ. ಕ್ಯಾನ್ಸರ್ ಅಂಟುವ ರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಪ್ಪಿಕೊಂಡು ಮಲಗಿದರೂ ಬರುವುದಿಲ್ಲ. ಕೀಮೋ ಆದ ಮೊದಲ ಎರಡು ದಿನ ವಾಂತಿ, ಮೂತ್ರದಲ್ಲಿ ಔಷಧಿಯ ಅಂಶ ಇರುತ್ತದೆ, ಹಾಗಾಗಿ ಶೌಚಾಲಯಕ್ಕೆ ಚೆನ್ನಾಗಿ ನೀರು ಹಾಕಿ, ಬಟ್ಟೆ ಕೊಳೆಯಾದರೆ ಕೈಗವಸು ಹಾಕಿಕೊಂಡು ಬೇರೆ ಒಗೆಯಿರಿ, ಅಷ್ಟು ಸಾಕು. ಅಪಾಯ ಇರುವುದು ಉಲ್ಟಾ ದಿಕ್ಕಿನಲ್ಲಿ. ಕೀಮೋದಿಂದ ಬಿಳಿ ರಕ್ತಕಣ ಕಡಿಮೆಯಾಗಿ ಅಮ್ಮನಿಗೆ ಬೇಗ ಸೋಂಕು ತಗುಲುತ್ತದೆ. ಪುಟ್ಟಿಗೆ ನೆಗಡಿ ಬಂದರೆ ಅವಳು ಸ್ವಲ್ಪ ದಿನ ದೂರ ಇರಬೇಕು. ಆದರೆ ಯಾಕೆ ಎಂದು ಹೇಳಿ ದೂರ ಇಡಿ. ಹೇಳದೆ ತಳ್ಳಿದರೆ ಅವಳ ತಪ್ಪಿನ ಪಟ್ಟಿಗೆ ಇನ್ನೊಂದು ಸೇರುತ್ತದೆ. ಅಮ್ಮನಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ ಎಂದು ಅಪ್ಪನಿಗೆ ಹೇಳಿದೆ. ಇದು ಆಪ್ತಸಲಹೆಯ ವಿಷಯವಲ್ಲ, ಆದರೂ ಪ್ರತಿ ಮನೆಗೂ ಹೇಳುತ್ತೇನೆ.

ಮಗಳಿಗೆ ಹೇಗೆ ಹೇಳುವುದು ಎಂದು ಅಮ್ಮ ಕೇಳಿದರು. ಅಪ್ಪನೂ ಜೊತೆಗಿರಲಿ, ಮಲಗುವ ಹೊತ್ತಿನಲ್ಲಿ ಬೇಡ, ಭಾನುವಾರ ಬೆಳಗ್ಗೆ ಆಗಲಿ ಅಂದೆ. ಆಗ ಇಡೀ ದಿನ ಪ್ರಶ್ನೆಗೆ ಸಮಯ ಇರುತ್ತದೆ. ಕಾಯಿಲೆಯ ಹೆಸರನ್ನೇ ಹೇಳಿ. ಗ್ಯಾಸ್ಟ್ರಿಕ್ ಅಂದರೆ ನಾಳೆ ಅವಳಿಗೇ ಹುಳಿತೇಗು ಬಂದಾಗ ಗಾಬರಿಯಾಗುತ್ತಾಳೆ. ಅಲ್ಲೇ ಕೂತು ಮಾತು ಜೋಡಿಸಿದೆವು:

"ಅಮ್ಮನ ಎದೆಯಲ್ಲಿ ಒಂದು ಗಂಟು ಆಗಿತ್ತು. ಅದಕ್ಕೆ ಕ್ಯಾನ್ಸರ್ ಅಂತಾರೆ. ಡಾಕ್ಟರು ಅದನ್ನ ತೆಗೆದಿದ್ದಾರೆ. ಮತ್ತೆ ಬರದೇ ಇರಲಿ ಅಂತ ಔಷಧಿ ಕೊಡ್ತಿದ್ದಾರೆ. ಆ ಔಷಧಿಗೇ ಕೂದಲು ಉದುರೋದು, ಸುಸ್ತಾಗೋದು. ಕೂದಲು ಮತ್ತೆ ಬರುತ್ತೆ. ಇದು ನೀನು ಬಿದ್ದಿದ್ದಕ್ಕೆ ಆಗಿದ್ದಲ್ಲ. ನೀನು ಬಿದ್ದಿದ್ದಕ್ಕೇ ನಂಗೆ ಬೇಗ ಗೊತ್ತಾಗಿದ್ದು."

"ನೀನು ಸಾಯ್ತೀಯಾ ಅಂತ ಕೇಳಿದ್ರೆ?" ಎಂದರು ಅಮ್ಮ. ಕೇಳೇ ಕೇಳುತ್ತಾಳೆ. ಅಪ್ಪ ತಕ್ಷಣ, "ಇಲ್ಲವೇ ಇಲ್ಲ, ಅಮ್ಮಂಗೆ ಏನೂ ಆಗಲ್ಲ ಅಂತ ಹೇಳೋಣ" ಅಂದರು. ಅವರ ಕಷ್ಟ ನನಗೆ ಅರ್ಥವಾಯಿತು. ಆದರೆ ನಮ್ಮ ಕೈಯಲ್ಲಿಲ್ಲದ ಭರವಸೆಯನ್ನು ಮಗುವಿಗೆ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ನಾಳೆ ಪರಿಸ್ಥಿತಿ ಬದಲಾದರೆ ಕಾಯಿಲೆಯ ಜೊತೆ ಅಪ್ಪ ಅಮ್ಮನ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಇದಕ್ಕೆ ಇನ್ನೊಂದು ಉತ್ತರ ಇದೆ: "ಹಾಗಾಗಬಾರದು ಅಂತಲೇ ಇಷ್ಟೆಲ್ಲ ಮಾಡ್ತಿರೋದು. ಡಾಕ್ಟರು ಇಲ್ಲೀತನಕ ಚೆನ್ನಾಗಿ ನಡೀತಿದೆ ಅಂದಿದ್ದಾರೆ. ಬೇರೆ ಏನಾದ್ರೂ ಹೇಳಿದ್ರೆ ನಿಂಗೆ ನಾನೇ ಹೇಳ್ತೀನಿ. ಬೇರೆಯವರಿಂದ ಕೇಳೋ ಹಾಗೆ ಮಾಡಲ್ಲ." ಕೊನೆಯ ಎರಡು ವಾಕ್ಯ ಮುಖ್ಯ. ಮಗು ಕಿವಿಗೊಟ್ಟು ಕದ್ದು ಕೇಳುವುದು ಅಲ್ಲಿಂದ ಕಡಿಮೆಯಾಗುತ್ತದೆ.

ಭಾನುವಾರ ಹೇಳಿದರು. ಪುಟ್ಟಿ ಅಳಲಿಲ್ಲ, ಸಿಟ್ಟಾದಳು. "ನಂಗೆ ಯಾಕೆ ಸುಳ್ಳು ಹೇಳಿದ್ರಿ?" ಎಂದು ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಳು. ಅಪ್ಪ ಗಾಬರಿಯಾಗಿ ಫೋನ್ ಮಾಡಿದರು. ಸಿಟ್ಟು ಬರಲಿ, ಅದಕ್ಕೆ ಕಾರಣ ಇದೆ ಅಲ್ವಾ, ತಪ್ಪಾಯ್ತು ಕಣೇ ಎಂದು ಹೇಳಿಬಿಡಿ ಅಂದೆ. ಮೂರನೇ ದಿನ ರಾತ್ರಿ ಅವಳೇ ಬಂದು ಅಮ್ಮನ ಸ್ಕಾರ್ಫ್ ಎತ್ತಿ ನೋಡಿ, "ತಿರುಪತಿಗೆ ಹೋಗ್ದೇ ಮುಡಿ ಕೊಟ್ಯಾ?" ಎಂದು ಕೇಳಿದಳಂತೆ. ಇಬ್ಬರೂ ನಕ್ಕರು ಎಂದು ಅಮ್ಮ ಹೇಳಿದರು. ಮಗಳು ಬೋಳುತಲೆ ನೋಡಿ ಅಸಹ್ಯ ಪಡುತ್ತಾಳೆ ಎಂದು ಅವರು ಮನೆಯೊಳಗೂ ಸ್ಕಾರ್ಫ್ ಬಿಚ್ಚುತ್ತಿರಲಿಲ್ಲ. ಅವರನ್ನು ಅದರ ಬಗ್ಗೆ ಯಾರೂ ಕೇಳಿರಲಿಲ್ಲ.

ಊರಿಗೆ ಹೇಳುವ ವಿಷಯದಲ್ಲಿ ನಡುದಾರಿ ಹುಡುಕಿದೆವು. ಕ್ಲಾಸ್ ಟೀಚರಿಗೆ ಹೇಳುವುದು ಖಂಡಿತ. ಹೊಟ್ಟೆನೋವು ಬಂದರೆ ಮನೆಗೆ ಕಳಿಸದೆ ಸ್ವಲ್ಪ ಹೊತ್ತು ಸ್ಟಾಫ್ ರೂಮಿನಲ್ಲಿ ಕೂರಿಸಿ, ಅಮ್ಮನಿಗೆ ಒಂದು ಫೋನ್ ಮಾಡಿಸಿ ಎಂದು ಅವರಲ್ಲಿ ಕೇಳಿಕೊಂಡರು. ಪುಟ್ಟಿಗೆ ಬೇಕಾದ ಒಬ್ಬ ಗೆಳತಿಗೆ ಅವಳು ಹೇಳಬಹುದು. ನೆಂಟರಿಗೆ ಹೇಳುವುದು ದೊಡ್ಡವರಿಗೆ ಬಿಟ್ಟದ್ದು. ಅಜ್ಜಿ ಇವತ್ತಿಗೂ ಮದುವೆ ಮನೆಗಳಲ್ಲಿ ಗ್ಯಾಸ್ಟ್ರಿಕ್ ಎಂದೇ ಹೇಳುತ್ತಾರೆ. ಇರಲಿ. ಆದರೆ ತಟ್ಟೆ ಲೋಟ ಒಂದಾಗಿದೆ.

ನೋಡಲು ಬಂದ ನೆಂಟರು ಹೇಳುವ ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ನಿಲ್ಲಿಸಿ ಅಂದೆ. "ಇನ್ಮೇಲೆ ನೀನೇ ಮನೆ ನೋಡ್ಕೋಬೇಕಮ್ಮಾ, ನೀನು ದೊಡ್ಡೋಳು." ಹತ್ತು ವರ್ಷದ ಹುಡುಗನಿಗೆ ಈ ಮಾತು ಹೇಳುವುದನ್ನು ನಾನು ಕೇಳಿಲ್ಲ. ಪುಟ್ಟಿ ಅಮ್ಮನಿಗೆ ನೀರು ತಂದುಕೊಡಲಿ, ಮಾತ್ರೆ ಡಬ್ಬಿ ಎತ್ತಿಕೊಡಲಿ. ಅಡುಗೆ ಮನೆ ಅವಳದಲ್ಲ. ಶಾಲೆಯ ಟ್ರಿಪ್‌ಗೆ ದುಡ್ಡು ಕೇಳುವುದನ್ನೂ ಅವಳು ಬಿಟ್ಟಿದ್ದಳು. ಇವರದು ಬಿಪಿಎಲ್ ಕಾರ್ಡು, ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಅದರಲ್ಲೇ ನಡೆಯುತ್ತಿತ್ತು. ಖರ್ಚಿಗೆ ದಾರಿ ಇದೆ ಎಂದು ಮಗಳಿಗೂ ಒಂದು ಮಾತು ಹೇಳಿ ಅಂದೆ.

ಅಪ್ಪನ ಬಗ್ಗೆ ಕಡಿಮೆ ಬರೆದೆ, ಅವರು ಮಾತಾಡಿದ್ದೇ ಕಡಿಮೆ. ಅಂಗಡಿ ಮುಚ್ಚಿದ ಮೇಲೂ ರಾತ್ರಿ ಹತ್ತರವರೆಗೆ ಶಟರ್ ಎಳೆದುಕೊಂಡು ಒಳಗೇ ಕೂರುತ್ತಿದ್ದರು. ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಕೊಟ್ಟೆ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಎದುರು ಕೂತು ಹೇಳಲಾಗದ್ದನ್ನು ಫೋನಿನಲ್ಲಿ ಹೇಳಬಲ್ಲ ಗಂಡಸರನ್ನು ನೋಡಿದ್ದೇನೆ. ಒಮ್ಮೆ ಮಾಡಿದೆ ಅಂದರು. ಏನು ಮಾತಾಡಿದಿರಿ ಎಂದು ನಾನು ಕೇಳಲಿಲ್ಲ.

ಹೊಟ್ಟೆನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅಮ್ಮ ರೇಡಿಯೇಷನ್‌ಗೆ ಬೆಂಗಳೂರಿಗೆ ಹೊರಡುವ ದಿನ ಹತ್ತಿರ ಬಂದಾಗ ಮತ್ತೆ ಕಾಣಿಸಿತು. ವಾರಕ್ಕೆ ಐದು ದಿನದಂತೆ ಕೆಲವು ವಾರ ಕೊಡುವ ಚಿಕಿತ್ಸೆ ಅದು, ಅಲ್ಲೇ ಉಳಿಯಬೇಕು. ಇದು ಎಕ್ಸ್-ರೇ ತೆಗೆಸಿದ ಹಾಗೆ, ಆ ಹೊತ್ತಿಗೆ ನೋವಾಗುವುದಿಲ್ಲ, ಶಾಕ್ ಹೊಡೆಯುವುದಿಲ್ಲ, ಮುಗಿಸಿ ಬಂದ ಅಮ್ಮನನ್ನು ಅಪ್ಪಿಕೊಂಡರೆ ನಿನಗೂ ಏನೂ ಆಗುವುದಿಲ್ಲ ಎಂದು ಬಿಡಿಸಿ ಹೇಳಲು ಹೇಳಿದೆ. ಈ ಸಲ ಹಳ್ಳಿಗೆ ಕಳಿಸುವ ಬದಲು ಅಜ್ಜಿಯೇ ಇಲ್ಲಿಗೆ ಬಂದು ಇರಲಿ, ಶಾಲೆ ತಪ್ಪದಿರಲಿ, ರಾತ್ರಿ ಊಟಕ್ಕೆ ಮೊದಲು ದಿನಾ ವಿಡಿಯೋ ಕಾಲ್ ಇರಲಿ ಎಂದು ಒಪ್ಪಿದರು.

ರೇಡಿಯೇಷನ್ ಆದ ಮೇಲೆ ಅಮ್ಮನಿಗೆ ಹಾರ್ಮೋನ್ ಮಾತ್ರೆ ಶುರುವಾಗಲಿದೆ. ಕನಿಷ್ಠ 5 ವರ್ಷ ನುಂಗಬೇಕು ಎಂದು ಡಾಕ್ಟರು ಹೇಳಿದ್ದಾರಂತೆ. ದಿನಾ ಮಾತ್ರೆ ನೋಡಿದರೆ ಕಾಯಿಲೆ ಇನ್ನೂ ಹೋಗಿಲ್ಲ ಎಂದು ಪುಟ್ಟಿ ತಿಳಿಯಬಹುದು. ಮೊದಲ ಮಾತ್ರೆ ನುಂಗುವ ದಿನವೇ ಅದನ್ನೂ ಅವಳಿಗೆ ಹೇಳಿ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.