ಗೀಸರ್ ಕೊಟಕೊಟ ಅನ್ನುತ್ತಿದೆ, ಹೊಸದು ತರಬೇಕಾ?

ಶಿವಮೊಗ್ಗದಲ್ಲಿ ಹಳೆ ಮನೆ, ಬೋರ್ ನೀರು. ಐದು ವರ್ಷದ ಗೀಸರ್ ಕೊಟಕೊಟ ಸದ್ದು ಮಾಡುತ್ತದೆ, ನೀರು ಕಾಯಲು ಮೊದಲಿಗಿಂತ ಎರಡರಷ್ಟು ಹೊತ್ತು ಬೇಕು, ಹೊಸದು ತರಲಾ ಎಂದು ಕೇಳಿದ್ದೀರಿ.

ಈಗಲೇ ಬೇಡ. ಮೊದಲು ಬಿಚ್ಚಿಸಿ ನೋಡಿ.

ನಮ್ಮದೂ ಹಳೆ ಹೆಂಚಿನ ಮನೆ. ಬಚ್ಚಲ ಒಲೆಯ ತಾಮ್ರದ ಹಂಡೆಗೆ ಬಾವಿ ನೀರು ಸುರಿಯುತ್ತಿದ್ದಷ್ಟು ವರ್ಷ ಒಳಗೆ ಏನೂ ಕಟ್ಟುತ್ತಿರಲಿಲ್ಲ. ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಮೆದು. ಬೋರ್ ಕೊರೆಸಿ ಬಂಡೆಯ ಅಡಿಯ ನೀರು ತಂದ ಮೇಲೆ ಹಂಡೆಯೊಳಗೆ ಬಿಳಿ ಹಕ್ಕಳೆ ಶುರುವಾಯಿತು. ಗೀಸರ್‌ನಲ್ಲೂ ಅದೇ ಆಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ನೀರಲ್ಲಿ ಕರಗಿರುವ ಕ್ಯಾಲ್ಸಿಯಂ ಬಿಸಿಗೆ ಗಟ್ಟಿಯಾಗಿ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ. ಆ ಪದರದೊಳಗೆ ಸಿಕ್ಕಿದ ನೀರು ಕುದಿದು ಗುಳ್ಳೆ ಒಡೆಯುವ ಸದ್ದೇ ನಿಮಗೆ ಕೇಳುತ್ತಿರುವುದು. ಕಾಯಿಲ್‌ನ ಬಿಸಿ ನೀರಿಗೆ ದಾಟುವುದಿಲ್ಲ, ಅದೇ ಸುಟ್ಟುಹೋಗುತ್ತದೆ.

ಮೇನ್ ಸ್ವಿಚ್ ಆಫ್ ಮಾಡಿ, ನೀರು ಪೂರ್ತಿ ತಣ್ಣಗಾದ ಮೇಲೆ ಖಾಲಿ ಮಾಡಿಸಿ. ಕಾಯಿಲ್ ತೆಗೆಸಿ, ಬಿಸಿನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ನೆನೆಸಿಡಿ. ನೊರೆನೊರೆಯಾಗಿ ಹಕ್ಕಳೆ ಬಿಡುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ದಯವಿಟ್ಟು ಬೇಡ, ಅದು ಲೋಹವನ್ನೂ ತಿನ್ನುತ್ತದೆ. ಜೊತೆಗೇ ಮೆಗ್ನೀಸಿಯಂ ರಾಡ್ ನೋಡಿಸಿ. ಟ್ಯಾಂಕ್‌ಗೆ ಬರುವ ತುಕ್ಕನ್ನು ತಾನು ಸವೆದು ತಡೆಯುವ ರಾಡ್ ಅದು. ಕಡ್ಡಿಯಂತಾಗಿದ್ದರೆ ಬದಲಿಸಲೇಬೇಕು. ವಾಷರ್ ಹೊಸದೇ ಹಾಕಿಸಿ. ಬೋರ್ ನೀರಾದರೆ ಇದನ್ನೆಲ್ಲ ವರ್ಷಕ್ಕೊಮ್ಮೆ ಮಾಡಿಸಿ. ಹಳೆ ಮನೆ ಅಲ್ವಾ, ಅರ್ಥಿಂಗ್ ಸರಿಯಿದೆಯಾ ಎಂದು ಅದೇ ದಿನ ಎಲೆಕ್ಟ್ರಿಷಿಯನ್‌ಗೆ ಪರೀಕ್ಷೆ ಮಾಡಲು ಹೇಳಿ. ಇದನ್ನು ನಾಳೆಗೆ ಬಿಡಬೇಡಿ.

ಥರ್ಮೋಸ್ಟಾಟ್ 55 ಡಿಗ್ರಿ ಆಸುಪಾಸು ಇರಲಿ. ಬಿಸಿ ಜಾಸ್ತಿಯಾದಷ್ಟೂ ಹಕ್ಕಳೆ ಬೇಗ ಕಟ್ಟುತ್ತದೆ.

ಬೋರ್ ನೀರನ್ನೂ ಒಮ್ಮೆ ಪರೀಕ್ಷೆಗೆ ಕೊಡಿ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಗಡಸುತನ, ಅಂದರೆ ಹಕ್ಕಳೆ ಕಟ್ಟಿಸುವ ಕ್ಯಾಲ್ಸಿಯಂನಂಥ ಲವಣಗಳ ಅಳತೆ, ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಆದರೆ ನಿಮ್ಮ ಬೀದಿಗೆ ತುಂಗೆಯ ನಲ್ಲಿ ನೀರು ಬರುತ್ತದಾ? ತುಂಗಾ ಪಾನ, ಗಂಗಾ ಸ್ನಾನ ಎಂದು ಹಿರಿಯರು ಸುಮ್ನೆ ಹೇಳಿಲ್ಲ, ಅಷ್ಟು ಮೆದು ನೀರು. ಅದಕ್ಕೊಂದು ಬೇರೆ ಟ್ಯಾಂಕ್ ಇಟ್ಟು ಗೀಸರ್‌ಗೆ ಅದನ್ನೇ ಕೊಡಿ. ಬೋರ್ ನೀರು ಗಿಡಕ್ಕೆ, ಅಂಗಳಕ್ಕೆ ಇರಲಿ.

ಬಿಚ್ಚಿದಾಗ ಟ್ಯಾಂಕೇ ತುಕ್ಕು ಹಿಡಿದು ಸೋರುತ್ತಿದ್ದರೆ ಮಾತ್ರ ಹೊಸ ಗೀಸರ್‌ಗೆ ದುಡ್ಡು ಹಾಕಿ.