ಎಲೆ ಹೊರಳಿಸಿ ನೋಡಲು ಹೇಳಿದವರು

ತಿಕೋಟಾ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರರೇ, ನಮಸ್ಕಾರ.

ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ಬಳಿಕ ಎಲೆಗಳ ಮೇಲೆ ಹಳದಿ ಕಲೆ ಕಂಡು, ಅದರ ಫೋಟೊವನ್ನು ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದಾಗ, ಎಲ್ಲರೂ ‘ಸರ್’ ಎಂದು ಕರೆಯುವ ಸದಸ್ಯರೊಬ್ಬರು ಐದೇ ನಿಮಿಷದಲ್ಲಿ ಅದು ಲಘು ಪೋಷಕಾಂಶದ ಕೊರತೆಯೆಂದು ತೀರ್ಪು ಕೊಟ್ಟರೆಂದೂ, ಅವರು ಹೇಳಿದ್ದನ್ನೇ ಸಿಂಪಡಿಸಿ ಕಾಯುತ್ತ ಕೂತ ವಾರದೊಳಗೆ ಬೂಜು ತುಪ್ಪಟ ರೋಗ, ಅಂದರೆ ನಮ್ಮ ಕಡೆಯವರ ‘ಡೌನಿ’, ಹೂಗೊಂಚಲಿಗೂ ಹಬ್ಬಿತೆಂದೂ ಬರೆದಿದ್ದೀರಿ. ಯಾರ ಮಾತನ್ನು ನಂಬಬೇಕೆಂದು ತಿಳಿಯಲು ಪತ್ರಿಕೆಯೇ ತಜ್ಞರ ಪಟ್ಟಿಯೊಂದನ್ನು ಏಕೆ ಪ್ರಕಟಿಸಬಾರದು ಎಂದು ಕೇಳಿದ್ದೀರಿ.

ಪ್ರಕಟಿಸುವುದಿಲ್ಲ. ಕಾರಣ ನಿಮ್ಮ ಪತ್ರದಲ್ಲೇ, ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಮಾತಿನಲ್ಲಿದೆ. ಅಪರೂಪಕ್ಕೆ ಬರೆಯುವ ಇನ್ನೊಬ್ಬ ಸದಸ್ಯರು ಅದೇ ದಿನ ‘ಎಲಿ ಹೊಳ್ಳಿಸಿ ಫೋಟೊ ಹಾಕ್ರಿ, ಚಾಟ್ನಿ ಆಗಿ ಎಷ್ಟ್ ದಿನ ಆತ್ರಿ?’ ಎಂದು ಕೇಳಿದ್ದರು, ನೀವು ಉತ್ತರಿಸಲಿಲ್ಲ. ಡೌನಿಯು ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಬಿದ್ದಂಥ ಹಳದಿ ಕಲೆಯಾಗಿ ಕಾಣುತ್ತದೆ. ಬಿಳಿ ಬೂಜು ಏಳುವುದು ಅದೇ ಕಲೆಯ ಹಿಂಬದಿಯಲ್ಲಿ, ಅದೂ ಹವೆ ತೇವವಾಗಿದ್ದಾಗ. ಹಾಗಾಗಿ ಒಂದು ಬದಿಯ ಚಿತ್ರದಿಂದ ಏನನ್ನೂ ಖಚಿತವಾಗಿ ಹೇಳಲಾಗದೆಂದು ಅರಿತು ಮರುಪ್ರಶ್ನೆ ಹಾಕಿದರಲ್ಲ, ಅವರಿಗೆ ರೋಗದ ಗುರುತು ಇತ್ತು.

ಗುಂಪಿನಲ್ಲಿ ‘ಸರ್’ ಎಂಬ ಬಿರುದು ಸಿಗುವುದು ದಿನವೂ ಬರೆಯುವುದರಿಂದ. ಬರೆದದ್ದರಲ್ಲಿ ಎಷ್ಟು ಹುಸಿಯಾಯಿತೆಂದು ಲೆಕ್ಕವಿಡುವವರು ಯಾರೂ ಇಲ್ಲ. ಆ ಲೆಕ್ಕವನ್ನು ನೀವೇ ಇಡಬಹುದು. ಹಳೆಯ ಸಂದೇಶಗಳನ್ನು ತೆಗೆದು, ಸಲಹೆ ಕೊಟ್ಟವರು ಅದರ ಫಲ ಏನಾಯಿತೆಂದು ಎಂದಾದರೂ ವಿಚಾರಿಸಿದ್ದಾರೆಯೇ, ತಮ್ಮ ತೋಟದಲ್ಲಿ ಕೆಟ್ಟದ್ದನ್ನೂ ಹೇಳಿಕೊಂಡಿದ್ದಾರೆಯೇ ಎಂದು ನೋಡಿ. ಪುಣೆ ಬಳಿಯ ಮಾಂಜರಿಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಹೆಸರು ಹೇಳುವವರನ್ನು, ಆ ಸಲಹೆ ಯಾವ ವಾರದ್ದು, ಯಾವ ಸೀಮೆಯ ಹವೆಗೆ ಕೊಟ್ಟದ್ದು ಎಂದು ಕೇಳಿ. ಔಷಧದಂಗಡಿ ಇಟ್ಟುಕೊಂಡವರ ಸಲಹೆಯೆಲ್ಲ ಸುಳ್ಳೇನಲ್ಲ. ಆದರೆ ಡಬ್ಬಿಯ ಚೀಟಿಯಲ್ಲಿ ದ್ರಾಕ್ಷಿಯ ಹೆಸರೂ ಪ್ರಮಾಣವೂ ಇವೆಯೇ ಎಂದು ಓದಿಕೊಳ್ಳಿ.

ಪದವಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೂ ನಮ್ಮದೇ ಪತ್ರಿಕೆಯ ಒಂದು ತಪ್ಪನ್ನು ಹೇಳಬೇಕು. 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಭಾಗ) ಜಿ.ಎ., ಅಂದರೆ ಜಿಬ್ಬರೆಲಿಕ್ ಆಮ್ಲವೆಂಬ ಬೆಳವಣಿಗೆ ಚೋದಕದ, ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಗ್ರಾಂ ಶುದ್ಧ ಜಿ.ಎ. ಎಂದಿರಬೇಕಾದಲ್ಲಿ ಹಿಂದೊಮ್ಮೆ 10 ಲೀಟರ್ ಎಂದು ಅಚ್ಚಾಗಿತ್ತು. ಲೇಖಕರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಫೋನ್ ಮಾಡಿ ಎಚ್ಚರಿಸಿದವರು ಹತ್ತಾರು ವರ್ಷ ಡ್ರಮ್ಮಿನಲ್ಲಿ ಔಷಧ ಕಲಸುತ್ತ ಬಂದ ಕೂಲಿಯವರೊಬ್ಬರು. ತಜ್ಞರ ಪಟ್ಟಿ ಮಾಡಿದ್ದರೆ ಅದರಲ್ಲಿ ಅವರ ಹೆಸರು ಬರುತ್ತಿರಲಿಲ್ಲ.

ಹಾಗೆಂದು ಎಲೆ ಹೊರಳಿಸಲು ಹೇಳಿದವರನ್ನು ನಾಳೆಯಿಂದ ಹೊಸ ‘ಸರ್’ ಮಾಡಿ, ಮಣೂಕದ (ಒಣದ್ರಾಕ್ಷಿಯ) ದರವನ್ನೂ ಬ್ಯಾಂಕಿನ ಸಾಲವನ್ನೂ ಅವರನ್ನೇ ಕೇಳಬೇಡಿ. ರೋಗದ ವಿಷಯದಲ್ಲಿ ಮಾತ್ರ ಅವರು ನಮ್ಮ ಮುಂದಿನ ಸಂಚಿಕೆಗೆ ಬರೆಯಲು ಒಪ್ಪುತ್ತಾರೆಯೇ ಎಂದು ದಯವಿಟ್ಟು ವಿಚಾರಿಸಿ ತಿಳಿಸಿ.

— ಸಂಪಾದಕ